ಆಕರಸೂಚಿಯಲ್ಲಿ ನಮ್ಮ ಹೆಸರುಗಳು

ದಲಿತ ವಿಮರ್ಶೆ ಅಂದಕೂಡಲೇ ನಾವು ಕೃತಿಯ ಆಶಯ, ಭಾಷೆ, ಸಂವೇದನೆ ಅಂತ ಚರ್ಚೆಗೆ ಇಳಿಯುತ್ತೇವೆ. ಪುಸ್ತಕದ ಕೊನೆಗೆ ಸಣ್ಣಕ್ಷರದಲ್ಲಿ ಬರುವ ಆಕರಸೂಚಿಯನ್ನು ಮಾತ್ರ ಯಾರೂ ವಿಮರ್ಶೆಗೆ ಒಳಪಡಿಸುವುದಿಲ್ಲ. ಅದು ಗುಮಾಸ್ತರ ಕೆಲಸ ಅನ್ನುವುದು ನಮ್ಮ ತಿಳುವಳಿಕೆ. ಸಂಶೋಧನಾ ವಿದ್ಯಾರ್ಥಿಗಳ ಮಹಾಪ್ರಬಂಧಗಳ ಪ್ರೂಫ್ ನೋಡುತ್ತಾ ಬಂದಿರುವ ನನಗೆ ಈ ತಿಳುವಳಿಕೆ ಸರಿಯಲ್ಲ ಅನ್ನಿಸಿದೆ. ಒಬ್ಬ ಲೇಖಕ ಒಬ್ಬನಾಗಿಯೇ ಉಳಿಯುತ್ತಾನೋ, ಮೂರು ಚೂರಾಗುತ್ತಾನೋ, ಇನ್ನೊಬ್ಬನೊಳಗೆ ಕಳೆದುಹೋಗುತ್ತಾನೋ ಎಂಬುದು ತೀರ್ಮಾನವಾಗುವುದು ಅಲ್ಲೇ.

ಈಚೆಗೆ ನಾನು ನೋಡಿದ ಪ್ರಬಂಧವೊಂದರ ಪುಟವಿನ್ಯಾಸ ಲೇಟೆಕ್‌ನಲ್ಲಿ ಆಗಿತ್ತು. ಅದರಲ್ಲಿ ಗ್ರಂಥಗಳ ವಿವರವನ್ನು ಬೇರೆ ಕಡತದಲ್ಲಿ ಬರೆದಿಡಬೇಕು. ಪ್ರಬಂಧದ ನಡುವೆ ಬರುವ ಉಲ್ಲೇಖಗಳನ್ನು ಬಿಬ್‌ಲೇಟೆಕ್ ಎಂಬ ತಂತ್ರಾಂಶವೇ ಜೋಡಿಸುತ್ತದೆ. ಡಿ. ಆರ್. ನಾಗರಾಜ್ ಅವರ 'ದಿ ಫ್ಲೇಮಿಂಗ್ ಫೀಟ್' ಮೊದಲು ಬಂದದ್ದು 1993ರಲ್ಲಿ. 1998ರಲ್ಲಿ ಅವರು ತೀರಿಕೊಂಡ ಮೇಲೆ ಅದರ ವಿಸ್ತೃತ ರೂಪ 2010ರಲ್ಲಿ ಬಂತು. ಪ್ರಬಂಧದಲ್ಲಿ ಎರಡೂ ಇದ್ದವು. ಒಂದು ಕಡೆ ಬರೀ ನಾಗರಾಜ್, ಇನ್ನೊಂದು ಕಡೆ ಇನಿಷಿಯಲ್ ಸಮೇತ ನಾಗರಾಜ್ ಆಗಬಾರದಲ್ಲ ಅಂತ ವಿದ್ಯಾರ್ಥಿಯ ಕಾಳಜಿ. ಆದರೆ ಯಂತ್ರ ಇನಿಷಿಯಲ್‌ಗಳನ್ನು ಒಂದೊಂದು ಕಡೆ ಒಂದೊಂದು ಥರ ಅಚ್ಚುಮಾಡಿತ್ತು. ಕಾರಣ ಇಷ್ಟೆ: ಒಂದು ನಮೂದಿನಲ್ಲಿ 'ಡಿ.' ಮತ್ತು 'ಆರ್.' ನಡುವೆ ಜಾಗ ಬಿಟ್ಟಿತ್ತು, ಇನ್ನೊಂದರಲ್ಲಿ ಬಿಟ್ಟಿರಲಿಲ್ಲ. ಯಂತ್ರದ ಲೆಕ್ಕಕ್ಕೆ ಇವರು ಇಬ್ಬರು ನಾಗರಾಜರು. ಇಬ್ಬರನ್ನೂ ಓದುಗರು ಗುರುತು ಹಿಡಿಯಲಿ ಅಂತ ಅದು ಪಾಪ, ಇನಿಷಿಯಲ್ ಸೇರಿಸಿ ಉಪಕಾರ ಮಾಡಿತ್ತು!

ಇದಕ್ಕೆ ಬಲ್ಲವರು ಒಂದು ಸುಲಭದ ಮದ್ದು ಹೇಳಿದರು. ಹೆಸರುಗಳ ವ್ಯತ್ಯಾಸ ತೋರಿಸುವ ಆಯ್ಕೆಯನ್ನೇ ಆಫ್ ಮಾಡಿಬಿಡಿ, ಎಲ್ಲಾ ಕಡೆ ಬರೀ 'ನಾಗರಾಜ್' ಅಂತ ಬರುತ್ತದೆ, ಪರೀಕ್ಷಕರು ತಕರಾರು ತೆಗೆಯುವುದಿಲ್ಲ ಅಂತ. ಸರಿ, ತೆಗೆಯದೇ ಇರಬಹುದು. ಆದರೆ ಅದೇ ಪ್ರಬಂಧದಲ್ಲಿ ಕಿ. ರಂ. ನಾಗರಾಜ ಅವರೂ ಇದ್ದಾರಲ್ಲ? ಇಂಗ್ಲಿಷ್ ಆಕರಸೂಚಿಯಲ್ಲಿ ಕೊನೆಯ ಅಕ್ಷರವನ್ನು ಯಾರಾದರೂ ನುಂಗಿದರೆ, ಒಂದೇ ಕಾಲದಲ್ಲಿ ಬದುಕಿ ಬೇರೆ ಬೇರೆ ದಾರಿಯಲ್ಲಿ ಯೋಚಿಸಿದ ಇಬ್ಬರು ವಿಮರ್ಶಕರು ಒಬ್ಬರಾಗಿಬಿಡುತ್ತಾರೆ. ರೋಗ ಇರುವುದು ನಮೂದಿನಲ್ಲಿ, ಮದ್ದು ಹಚ್ಚಿದ್ದು ಪುಟಕ್ಕೆ. ಮೇಲುನೋಟದ ಏಕರೂಪತೆ ಸಿಕ್ಕಿತು, ವ್ಯಕ್ತಿ ಹೋದ. ಜಾತಿಯ ಪ್ರಶ್ನೆ ಬಂದಾಗ 'ಭೇದ ಎಣಿಸಬೇಡಿ, ನಾವೆಲ್ಲಾ ಒಂದೇ' ಅನ್ನುವವರ ಮಾತೂ ಇದೇ ಧಾಟಿಯದು.

ಇದರ ಬೇರು ಇನ್ನೂ ಆಳದಲ್ಲಿದೆ. ಬರೆಯುವ ಪ್ರತಿಯೊಬ್ಬರಿಗೂ ಒಂದು ಸ್ವಂತ ಹೆಸರು, ಒಂದು ಮನೆತನದ ಹೆಸರು ಇದ್ದೇ ಇರುತ್ತದೆ ಎಂದು ಈ ವ್ಯವಸ್ಥೆ ನಂಬಿಕೊಂಡಿದೆ. ಅಲ್ಪವಿರಾಮ ಹಾಕದೆ ಬರೆದರೆ ಕೊನೆಯ ಪದವೇ ಮನೆತನ ಅಂತ ತಾನೇ ತೀರ್ಮಾನಿಸುತ್ತದೆ. ನಮ್ಮ ಕಡೆ ಮನೆತನದ ಹೆಸರು ಅಂತ ಇಟ್ಟುಕೊಂಡವರಲ್ಲಿ ಎಷ್ಟೋ ಜನರಿಗೆ ಅದು ಜಾತಿಯ ಅಥವಾ ಅಧಿಕಾರದ ಗುರುತು. ಹಳೇ ಮೈಸೂರು ಸೀಮೆಯ ಕೇರಿಗಳಲ್ಲಿ ಹುಟ್ಟಿದವರಿಗೆ ಇದ್ದದ್ದು ಒಂದೇ ಹೆಸರು. ಜೊತೆಗೆ ಊರಿನದೋ ಅಪ್ಪನದೋ ಒಂದಕ್ಷರ. ದೇವನೂರ ಮಹಾದೇವ ಅಂದರೆ ದೇವನೂರಿನ ಮಹಾದೇವ. ಆ 'ಅ'ಕಾರದಲ್ಲಿ ಒಂದು ವಿಭಕ್ತಿಯೇ ಇದೆ. ಅದನ್ನು ಯಂತ್ರ 'ಮಹಾದೇವ, ಡಿ.' ಮಾಡುತ್ತದೆ. ಮೊಗಳ್ಳಿ ಗಣೇಶ್ 'ಗಣೇಶ್, ಎಂ.' ಆಗುತ್ತಾರೆ, ಮೂಡ್ನಾಕೂಡು ಚಿನ್ನಸ್ವಾಮಿ 'ಚಿನ್ನಸ್ವಾಮಿ, ಎಂ.' ಆಗುತ್ತಾರೆ. ಎರಡು ಊರೂ ಒಂದೇ 'ಎಂ.' ಒಳಗೆ ಮಾಯ. ಮಾಸ್ತಿಯೂ ಊರಿನ ಹೆಸರೇ ಅಲ್ಲವೇ? ಕನ್ನಡ ವಿಮರ್ಶೆ ಅದನ್ನು ಒಂದಕ್ಷರಕ್ಕೆ ಇಳಿಸಿಲ್ಲ, ಊರನ್ನೇ ಲೇಖಕನನ್ನಾಗಿ ಮಾಡಿ ಗೌರವಿಸಿದೆ. ಊರೊಳಕ್ಕೆ ಬಿಟ್ಟುಕೊಳ್ಳದವರ ನಡುವಿನಿಂದ ಬಂದು, ಅದೇ ಊರಿನ ಹೆಸರನ್ನು ಪುಸ್ತಕದ ಮೇಲೆ ಹೊತ್ತವರಿಗೂ ಅಷ್ಟು ಗೌರವ ಸಲ್ಲಬೇಕು.

ಇನಿಷಿಯಲ್ಲೇ ಇಲ್ಲದವರ ಪಾಡು ಬೇರೆ. ಎಪ್ಪತ್ತರ ದಶಕದ ಕನ್ನಡ ಸಂಸ್ಕೃತಿ ಬಗ್ಗೆ ಯಾರೋ ಬರೆಯುತ್ತಾರೆ ಅಂತಿಟ್ಟುಕೊಳ್ಳಿ. 'ಬಂಗಾರದ ಮನುಷ್ಯ' ಚಿತ್ರವನ್ನು ನಿರ್ದೇಶಕರ ಹೆಸರಲ್ಲಿ ನಮೂದಿಸಿದರೆ 'ಸಿದ್ದಲಿಂಗಯ್ಯ 1972'. 'ಹೊಲೆಮಾದಿಗರ ಹಾಡು' 'ಸಿದ್ದಲಿಂಗಯ್ಯ 1975'. ರಾಜ್ಯದಾಚೆಯ ಓದುಗನಿಗೆ ಒಬ್ಬನೇ ಮನುಷ್ಯ ಮೂರು ವರ್ಷದಲ್ಲಿ ಜಮೀನಿನ ಕನಸಿನಿಂದ ಕ್ರಾಂತಿಗೆ ಹೊರಳಿದ ಹಾಗೆ ಕಾಣುತ್ತದೆ! ಒಂದು ಕಡೆ 'ದ್ದ', ಇನ್ನೊಂದು ಕಡೆ ಮಹಾಪ್ರಾಣ ಹಾಕಿ 'ದ್ಧ' ಬರೆದರೆ ಕವಿಯೊಬ್ಬರೇ ಇಬ್ಬರಾಗುತ್ತಾರೆ. ಕನ್ನಡದಲ್ಲಿ ಟೈಪ್ ಮಾಡುವಾಗ ಅರ್ಧಾಕ್ಷರದ ಹಿಂದೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಸೇರಿಕೊಂಡರೂ ಇದೇ ಗತಿ.

ಇನ್ನು ಅಂಬೇಡ್ಕರ್ ವಿಷಯ. 'ಜಾತಿ ವಿನಾಶ'ದ ಇಂಗ್ಲಿಷ್ ಮೂಲ ಬಂದದ್ದು 1936ರಲ್ಲಿ. ಮಹಾರಾಷ್ಟ್ರ ಸರ್ಕಾರದ ಸಂಪುಟಗಳಲ್ಲಿ ಮೊದಲನೆಯದು 1979ರಲ್ಲಿ. ಮೊದಲನೆಯದಕ್ಕೆ ಲೇಖಕರು 'ಬಿ. ಆರ್. ಅಂಬೇಡ್ಕರ್' ಎಂದೂ, ಎರಡನೆಯದಕ್ಕೆ 'ಬಾಬಾಸಾಹೇಬ್ ಅಂಬೇಡ್ಕರ್' ಎಂದೂ ನಮ್ಮ ಹುಡುಗರು ಬರೆಯುತ್ತಾರೆ. ಯಂತ್ರ ಇಬ್ಬರು ಅಂಬೇಡ್ಕರರನ್ನು ಹುಟ್ಟಿಸುತ್ತದೆ. ತಿದ್ದಿ ಅಂದರೆ, 'ಬಾಬಾಸಾಹೇಬ್ ತೆಗೆಯಬೇಕಾ? ಅದು ನಮ್ಮ ಗೌರವ' ಅಂತ ಚಳವಳಿಯ ಗೆಳೆಯರು ಸಿಟ್ಟಾಗುತ್ತಾರೆ. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಹೆಸರು ಹೇಳಲೂ ಹಿಂಜರಿದ ವಿದ್ವಾಂಸರ ನಡುವೆ ಗಳಿಸಿಕೊಂಡ ಮಾತು ಅದು. ಆದರೆ ನಮ್ಮ ವಾಕ್ಯಗಳಲ್ಲಿ ಎಷ್ಟು ಸಲ ಬೇಕಾದರೂ ಬಾಬಾಸಾಹೇಬ್ ಅನ್ನೋಣ, ಯಾರು ಬೇಡ ಅಂದವರು? ಸಂಪುಟದ ಶೀರ್ಷಿಕೆಯಲ್ಲೂ ಅದು ಇದ್ದೇ ಇದೆ. ಲೇಖಕರ ಜಾಗದಲ್ಲಿ ಮಾತ್ರ ಅವರು ಒಬ್ಬರೇ ಆಗಿರಲಿ.

'ಇದೆಲ್ಲ ಏನ್ ಮಹಾ, ಹೋರಾಟ ಬಿಟ್ಟು ಚುಕ್ಕಿ ಎಣಿಸುತ್ತೀರಲ್ಲ' ಅನ್ನುವವರಿದ್ದಾರೆ. ಇವತ್ತು ಅಧ್ಯಾಪಕರ ನೇಮಕ, ಬಡ್ತಿಗಳಲ್ಲಿ ಯಾರನ್ನು ಎಷ್ಟು ಮಂದಿ ಉಲ್ಲೇಖಿಸಿದ್ದಾರೆ ಅನ್ನುವ ಲೆಕ್ಕವೂ ಸೇರಿಕೊಂಡಿದೆ. ಮೂರು ರೂಪದಲ್ಲಿ ಹಂಚಿಹೋದ ಹೆಸರು ಆ ಲೆಕ್ಕದಲ್ಲಿ ಮೂರು ಬಡಕಲು ಹೆಸರುಗಳಾಗುತ್ತದೆ. ಅದರ ಜೊತೆಗೆ, 'ಇವರಿಗೆ ಸಂಶೋಧನೆಯ ಶಿಸ್ತಿಲ್ಲ' ಎಂಬ ಮಾತು ಮೊದಲು ಬೀಳುವುದು ನಮ್ಮ ಹುಡುಗರ ಮೇಲೇ.

ಹಾಗಾಗಿ ಗೆಳೆಯರಲ್ಲಿ ಕೇಳುವುದಿಷ್ಟು. ಆಯ್ಕೆ ಆಫ್ ಮಾಡುವ ಮೊದಲು ಕಡತ ತೆರೆದು ಪ್ರತಿ ನಮೂದನ್ನೂ ನೋಡಿ. ಲೇಖಕರು ತಮ್ಮ ಪುಸ್ತಕದ ಮೇಲೆ ಹೇಗೆ ಬರೆದುಕೊಂಡಿದ್ದಾರೋ ಆ ರೂಪ ಹಿಡಿಯಿರಿ, ಎಲ್ಲಾ ಕಡೆ ಅದನ್ನೇ ಬಳಸಿ. ದೇವನೂರ ಮಹಾದೇವ ಅಂಥ ಒಡೆಯಬಾರದ ಹೆಸರನ್ನು ಜೋಡಿ ಪುಷ್ಪಾವರಣದೊಳಗೆ ಇಟ್ಟರೆ ಯಂತ್ರ ಅದನ್ನು ಮುಟ್ಟುವುದಿಲ್ಲ. ಇಬ್ಬರು ಸಿದ್ದಲಿಂಗಯ್ಯರಿದ್ದರೆ ಕವಿ, ನಿರ್ದೇಶಕ ಅಂತ ನಾವೇ ಗುರುತು ಹಾಕಬೇಕು, ಯಂತ್ರಕ್ಕೆ ಅದು ತಿಳಿಯದು. ಒಬ್ಬೊಬ್ಬರೇ ಒದ್ದಾಡುವ ಬದಲು ದಲಿತ ಲೇಖಕರ ಒಂದು ನಾಮಸೂಚಿಯನ್ನು, ಕನ್ನಡದಲ್ಲೂ ಇಂಗ್ಲಿಷಿನಲ್ಲೂ, ಬದುಕಿರುವ ಲೇಖಕರನ್ನೇ ಕೇಳಿ ತಯಾರಿಸಬಹುದು. ಒಂದು ವಿಭಾಗದ ನಾಲ್ಕು ಜನ ವಿದ್ಯಾರ್ಥಿಗಳು ಕೂತರೆ ಆಗುವ ಕೆಲಸ ಇದು. ದಲಿತ ವಿಮರ್ಶೆ ಇದನ್ನು ತನ್ನ ಕೆಲಸ ಅಂತ ಒಪ್ಪಿಕೊಳ್ಳಬೇಕು.