ತೋರಿಕೆಯ ಪ್ರಯೋಗಶಾಲೆ: ಒಂದು ವಿಮರ್ಶೆ

ಸುಳ್ಯದಲ್ಲಿ 1986ರಲ್ಲಿ ಕೆ.ವಿ.ಜಿ., ಪುತ್ತೂರಿನಲ್ಲಿ 2001ರಲ್ಲಿ ವಿವೇಕಾನಂದ ಇಂಜಿನಿಯರಿಂಗ್ ಕಾಲೇಜುಗಳು ಸ್ಥಾಪಿತವಾದುದರಿಂದ ಕಡಬದ ಕಡೆಯ ವಿದ್ಯಾರ್ಥಿಗಳಿಗೂ ಈ ಶಿಕ್ಷಣವು ಸಮೀಪವಾಯಿತು. ಯಂತ್ರೋಪಕರಣಗಳ ವೆಚ್ಚವಾದರೋ ಅಪಾರ. ಆದ್ದರಿಂದ ಕೇಂದ್ರ ಸರಕಾರದ ವರ್ಚುವಲ್ ಲ್ಯಾಬ್ಸ್ ಯೋಜನೆಯೂ ಅದರಲ್ಲಿ ಸುರತ್ಕಲ್ಲಿನ ಎನ್.ಐ.ಟಿ.ಕೆ. ವಹಿಸಿರುವ ಪಾತ್ರವೂ ಸ್ವಾಗತಾರ್ಹವೇ. ಕಂಪ್ಯೂಟರಿನ ತೆರೆಯ ಮೇಲಾಗಲಿ, ಕಣ್ಣಿಗೆ ತೊಡುವ ವಿ.ಆರ್. ಸಾಧನದಲ್ಲಾಗಲಿ, ಪ್ರಯೋಗವನ್ನು ಅಪಾಯವಿಲ್ಲದೆ ಎಷ್ಟು ಸಲ ಬೇಕಾದರೂ ಮಾಡಬಹುದು.

ಆದರೆ ಇತಿಹಾಸದ ಅಭ್ಯಾಸಿಗಳಾದ ನಮಗೆ ಒಂದು ಸಂದೇಹ. ಅಚ್ಚಾದ ಶಾಸನಪಾಠವನ್ನು ಓದುವವನು ಸಂಪಾದಕನು ಕಂಡುದನ್ನಷ್ಟೇ ಕಾಣುತ್ತಾನೆ. ಕಲ್ಲಿನೆದುರು ನಿಂತು ಸವೆದ ಅಕ್ಷರವನ್ನು ತಡವಿದವನೇ ಆ ಪಾಠವನ್ನು ಶಂಕಿಸಬಲ್ಲನು. ಪ್ರಯೋಗಶಾಲೆಯ ಮಾತೂ ಹಾಗೆಯೇ. ಉಕ್ಕಿನ ಸರಳನ್ನು ಎಳೆದು ಮುರಿಯುವ ಪರೀಕ್ಷೆಯಲ್ಲಿ ಒಂದೇ ಕಂತೆಯ ಎರಡು ಸರಳುಗಳು ಸರಿಯಾಗಿ ಒಂದೇ ಭಾರಕ್ಕೆ ಮುರಿಯುವುದು ಅಪೂರ್ವ. ತೆರೆಯ ಮೇಲಿನ ಸರಳು ಸೂತ್ರ ಹೇಳಿದಂತೆ ಮುರಿಯುತ್ತದೆ. ಅಲ್ಲಿ ವ್ಯತ್ಯಾಸ ತೋರಿದರೂ ಅದು ಯಾರೋ ಮೊದಲೇ ಬರೆದಿಟ್ಟುದು. ಮುಂದೆ ಸೇತುವೆ ಕಟ್ಟಬೇಕಾದವನು ಅರಿಯಬೇಕಾದುದು ಸೂತ್ರಕ್ಕೂ ವಸ್ತುವಿಗೂ ನಡುವಣ ಆ ಅಂತರವನ್ನೇ.

ಆದಕಾರಣ ಈ ಸಾಧನವು ಪೂರ್ವಸಿದ್ಧತೆಗೆ ಸಲ್ಲಲಿ; ಪ್ರಾಯೋಗಿಕ ಪರೀಕ್ಷೆ ಮಾತ್ರ ನಿಜವಾದ ಸರಳಿನ ಮೇಲೆಯೇ ನಡೆಯಲಿ. ಮಿತವ್ಯಯದ ನೆಪದಲ್ಲಿ ಯಂತ್ರಶಾಲೆಗೆ ಬೀಗ ಬಿದ್ದರೆ ನಷ್ಟವು, ಅಂಥ ಯಂತ್ರವನ್ನು ಬೇರೆಲ್ಲಿಯೂ ಮುಟ್ಟುವ ಅನುಕೂಲವಿಲ್ಲದ ಈ ಕಡೆಯ ವಿದ್ಯಾರ್ಥಿಗೇ.