ಅಬ್ದುಲ್ ರಜಾಕನ ವಿಜಯನಗರ ವರ್ಣನೆಯಲ್ಲಿ ಗಜಪ್ರಕರಣ

ಹೀರಾತಿನ ಶಾರೂಖ್ ಸುಲ್ತಾನನ ರಾಯಭಾರಿಯಾಗಿ ಬಂದು, ಕ್ರಿ. ಶ. ೧೪೪೩ರಲ್ಲಿ ಸುಮಾರು ಏಳು ತಿಂಗಳ ಕಾಲ ವಿಜಯನಗರದಲ್ಲಿ ವಾಸಮಾಡಿದ ಕಮಾಲುದ್ದೀನ್ ಅಬ್ದುಲ್ ರಜಾಕನ ಬರೆಹವು ಕರ್ಣಾಟಕದ ಇತಿಹಾಸವನ್ನು ಬರೆದವರೆಲ್ಲರಿಗೂ ಉಪಜೀವ್ಯವಾಗಿದೆ. ಏಳು ಸುತ್ತಿನ ಕೋಟೆ, ರತ್ನಗಳನ್ನು ಬಯಲಿನಲ್ಲಿಟ್ಟು ಮಾರುವ ಪೇಟೆ, ಗುಲಾಬಿ ಹೂವಿಲ್ಲದೆ ದಿನ ಕಳೆಯದ ಜನ, ಮಹಾನವಮಿಯ ವೈಭವ, ಇವು ಪಾಠಪುಸ್ತಕಗಳಿಗೂ ಇಳಿದುಬಂದಿವೆ. ಆದರೆ ಅದೇ ಬರೆಹದ ನಡುವೆ ಆನೆಗಳನ್ನು ಕುರಿತು ಆತನು ಹೇಳಿರುವ ಭಾಗವನ್ನು ಇತಿಹಾಸಕಾರರು ಬಹುಮಟ್ಟಿಗೆ ಕಥಾಪ್ರಸಂಗವೆಂದು ಬಗೆದು ದಾಟಿಹೋಗುವುದುಂಟು. ನಗರವರ್ಣನೆ ಪ್ರಮಾಣ, ಗಜವರ್ಣನೆ ವಿನೋದ ಎಂಬ ಈ ವಿಭಾಗವು ಎಷ್ಟರಮಟ್ಟಿಗೆ ಸರಿ ಎಂಬುದು ವಿಚಾರಾರ್ಹವಾದುದು. ಆ ಬರೆಹವನ್ನು ಅಲಂಕಾರಶಾಸ್ತ್ರದ ಕಣ್ಣಿನಿಂದ ಓದಿದರೆ ಈ ವಿಭಾಗವು ತಲೆಕೆಳಗಾಗುವಂತೆ ತೋರುತ್ತದೆ.

ಮೊದಲು ಗ್ರಂಥದ ಸ್ವರೂಪವನ್ನು ತಿಳಿಯಬೇಕು. ಪ್ರಯಾಣವೃತ್ತಾಂತವು ಸ್ವತಂತ್ರ ಪುಸ್ತಕವಲ್ಲ. ‘ಮತ್ಲ-ಉಸ್-ಸಾದೈನ್ ವ ಮಜ್ಮ-ಉಲ್-ಬಹ್ರೈನ್’ ಎಂಬ ದೊಡ್ಡ ಪಾರಸಿಕ ಇತಿಹಾಸಗ್ರಂಥದ ಒಂದು ಭಾಗ. ಎರಡು ಶುಭಗ್ರಹಗಳ ಉದಯ, ಎರಡು ಕಡಲುಗಳ ಸಂಗಮ ಎಂದು ಆ ಹೆಸರಿನ ಅರ್ಥ. ಹೆಸರೇ ಕರ್ತೃವಿನ ರುಚಿಯನ್ನು ಸಾರುತ್ತದೆ. ಗ್ರಂಥದಲ್ಲಿ ೧೪೭೦ರವರೆಗಿನ ಸಂಗತಿಗಳು ಇರುವುದರಿಂದ, ಅದು ಪೂರ್ಣವಾದುದು ಪ್ರಯಾಣ ಮುಗಿದು ಇಪ್ಪತ್ತೈದು ವರ್ಷಗಳಿಗೂ ಮೇಲೆ. ಹೀಗೆ ಆಸ್ಥಾನದಲ್ಲಿ ಕುಳಿತು, ಆಸ್ಥಾನದ ಶೈಲಿಯಲ್ಲಿ, ಆಸ್ಥಾನದ ಓದುಗರಿಗಾಗಿ ರಚಿತವಾದ ಗದ್ಯವಿದು. ೧೮೪೩ರಲ್ಲಿ ಕತ್ರ್‌ಮೇರನ ಫ್ರೆಂಚ್ ಭಾಷಾಂತರದಿಂದಲೂ ೧೮೫೭ರಲ್ಲಿ ಮೇಜರನ ಇಂಗ್ಲಿಷ್ ಸಂಕಲನದಿಂದಲೂ ಪ್ರಸಿದ್ಧವಾದ ಈ ಭಾಗವನ್ನು ಓದುವವರು ಭಾಷಾಂತರದಲ್ಲಿ ಅಲಂಕಾರದ ಹೊರೆ ಹಗುರವಾಗಿರುವುದನ್ನು ಮರೆಯುವುದು ಸುಲಭ. ಮೂಲದಲ್ಲಿ ಪದ್ಯಗಳೂ ಪ್ರಾಸಗಳೂ ಅತಿಶಯೋಕ್ತಿಗಳೂ ತುಂಬಿವೆ.

ರಜಾಕನು ೧೪೪೨ರ ಜನವರಿಯಲ್ಲಿ ಹೀರಾತನ್ನು ಬಿಟ್ಟು, ಹೊರ್ಮುಜಿನಲ್ಲಿ ಹಡಗು ಹತ್ತಿ, ಮಾರುತದ ಕಾಲ ತಪ್ಪಿ ಅರಬ್ಬೀ ತೀರದಲ್ಲಿ ತಡೆದು, ರೋಗಪೀಡಿತನಾಗಿ, ಜೊತೆಯಲ್ಲಿ ಬಂದ ಅಣ್ಣನನ್ನು ಅಲ್ಲಿಯೇ ಕಳೆದುಕೊಂಡು ಕಲ್ಲಿಕೋಟೆಯನ್ನು ಸೇರಿದನು. ಅಲ್ಲಿಯ ವಾಸವು ಆತನಿಗೆ ಹಿಡಿಸಲಿಲ್ಲ. ವಿಜಯನಗರದ ಅರಸನು ಕರೆಯಿಸಿಕೊಂಡುದರಿಂದ ಮಂಗಳೂರಿನವರೆಗೆ ಕಡಲ ದಾರಿಯಲ್ಲಿಯೂ ಅಲ್ಲಿಂದ ಘಟ್ಟ ಹತ್ತಿಯೂ ೧೪೪೩ರ ಏಪ್ರಿಲ್ ಕೊನೆಯ ವೇಳೆಗೆ ರಾಜಧಾನಿಗೆ ಬಂದನು. ಅರಸನು ಇಮ್ಮಡಿ ದೇವರಾಯ.

ಹೊಸ ನಗರವನ್ನು ಕಂಡ ಪರದೇಶಿಯು ಅದನ್ನು ತನ್ನವರಿಗೆ ತಿಳಿಸಬೇಕಾದರೆ ಉಪಮಾನವು ಬೇಕು. ರಜಾಕನಿಗೆ ಆ ಉಪಮಾನವು ಕೈಯಲ್ಲಿಯೇ ಇದ್ದಿತು. ವಿಜಯನಗರದ ಕೋಟೆಯ ವಿಸ್ತಾರವನ್ನು ಹೇಳುವಾಗ ಆತನು ಹೀರಾತಿನ ಬೆಟ್ಟ, ಕಣಿವೆ, ಸೇತುವೆಗಳ ಹೆಸರುಗಳನ್ನು ಹಿಡಿದು, ಹೊರಸುತ್ತು ಇಲ್ಲಿಂದ ಇಲ್ಲಿಯವರೆಗೆ ಎಂದು ಭಾವಿಸಿಕೊಳ್ಳಿರಿ ಎಂದು ಓದುಗರಿಗೆ ಸೂಚಿಸುತ್ತಾನೆ. ಆದುದರಿಂದ ಆ ಭಾಗದಲ್ಲಿ ಕಾಣುವುದು ತುಂಗಭದ್ರೆಯ ತೀರದ ಊರಿನಷ್ಟೇ ಹೀರಾತೂ ಹೌದು. ‘ಏಳು’ ಎಂಬ ಸಂಖ್ಯೆಯೂ ಅಂತಹುದೇ. ಏಳು ಆಕಾಶ, ಏಳು ಗ್ರಹ, ಏಳು ಭೂಖಂಡಗಳೆಂದು ಎಣಿಸುವ ಪಾರಸಿಕ ಕವಿಸಮಯದಲ್ಲಿ ಅದು ಪೂರ್ಣತೆಯ ಚಿಹ್ನೆ. ಹಂಪೆಯ ಹಾಳಿನಲ್ಲಿ ಏಳು ಸುತ್ತುಗಳನ್ನು ಎಣಿಸಿ ತೋರಿಸಲು ಹೊರಟವರಿಗೆ ಗೋಡೆಗಳಿಗಿಂತ ಹೆಚ್ಚಾಗಿ ಊಹೆಯೇ ನೆರವಾಗಬೇಕಾಗುತ್ತದೆ. ಆದರೂ ಈ ಪ್ರಕರಣದಲ್ಲಿ ಒಂದು ಮಾತು ಬೇರೆಯಾಗಿ ಹೊಳೆಯುತ್ತದೆ: ಹೊರಕೋಟೆಯ ಮುಂದೆ ಆಳುದ್ದದ ಕಲ್ಲುಗಳನ್ನು ಅರ್ಧ ನೆಲದಲ್ಲಿ ಹೂತು, ಅರ್ಧ ಮೇಲೆ ನಿಲ್ಲಿಸಿ, ಕುದುರೆಯಾಗಲಿ ಕಾಲಾಳಾಗಲಿ ಸುಲಭವಾಗಿ ಸಮೀಪಿಸದಂತೆ ಮಾಡಿದ್ದರೆಂಬ ಮಾತು. ಅಂತಹ ಕಲ್ಲುಸಾಲುಗಳನ್ನು ವಿಜಯನಗರದ ಭೂಶೋಧಕರು ಕಂಡಿದ್ದಾರೆ. ಇಲ್ಲಿ ಉಪಮೆಯೂ ಇಲ್ಲ, ಸಂಖ್ಯಾವಿಲಾಸವೂ ಇಲ್ಲ; ವಸ್ತುವಿನ ಆಕಾರವೂ ಪ್ರಯೋಜನವೂ ಮಾತ್ರ ಇವೆ.

ವಸ್ತುವಿನ ರೂಪಕ್ರಿಯೆಗಳನ್ನು ಇದ್ದಂತೆ ಹೇಳುವುದನ್ನು ಆಲಂಕಾರಿಕರು ಸ್ವಭಾವೋಕ್ತಿ ಅಥವಾ ಜಾತಿ ಎಂದು ಕರೆದರು. ದಂಡಿಯು ಅದನ್ನು ಅರ್ಥಾಲಂಕಾರಗಳಲ್ಲಿ ಮೊದಲನೆಯದಾಗಿ ಇಟ್ಟು, ಗಿಳಿ ಪಾರಿವಾಳಗಳನ್ನೇ ಉದಾಹರಣೆಗೆ ತೆಗೆದುಕೊಂಡನು. ಭಾಮಹನು ಕೆಲವರ ಮತವೆಂದು ದೂರದಿಂದ ಹೇಳಿದನು. ಕುಂತಕನಂತೂ ಸ್ವಭಾವವು ಅಲಂಕಾರ್ಯವೇ ಹೊರತು ಅಲಂಕಾರವಲ್ಲವೆಂದು ತಳ್ಳಿಹಾಕಿದನು. ಕಾವ್ಯದ ಮಟ್ಟಿಗೆ ಯಾರ ಪಕ್ಷವು ಗೆದ್ದರೂ ಪ್ರವಾಸಿಯ ಬರೆಹದ ಮಟ್ಟಿಗೆ ದಂಡಿಯ ಪಕ್ಷವೇ ಪ್ರಯೋಜನಕಾರಿ. ಪ್ರಾಣಿಗಳನ್ನು ಕುರಿತು ಸ್ವಭಾವೋಕ್ತಿಯನ್ನು ನುಡಿಯುವವನು ಅವುಗಳನ್ನು ನಿಂತು ನೋಡಿರಲೇಬೇಕು. ಕುಳಿತು ಕಲ್ಪಿಸಲು ಅದು ಬರುವುದಿಲ್ಲ.

ರಜಾಕನ ಆನೆಗಳಲ್ಲಿ ಈ ಲಕ್ಷಣವು ಸ್ಫುಟವಾಗಿದೆ. ಬೆಟ್ಟದಂತಹ ಆನೆಗಳು ಸಾವಿರಕ್ಕೆ ಮೇಲ್ಪಟ್ಟು ಇದ್ದುವೆಂಬ ಸವೆದ ಮಾತು ಒಂದು ಕಡೆ ಬರುವುದು ನಿಜ. ಅದನ್ನು ಬಿಟ್ಟು ಮುಂದೆ ನೋಡಿದರೆ ಟಂಕಸಾಲೆಯ ಬಳಿಯ ಗಜಶಾಲೆಯ ವಿವರವು ತೊಡಗುತ್ತದೆ. ಆನೆಗೊಂದು ಪ್ರತ್ಯೇಕ ಕೋಣೆ, ಗಟ್ಟಿಯಾದ ಗೋಡೆ, ಬಲವಾದ ಮರದ ಚಾವಣಿ. ಕೊರಳಿಗೂ ಬೆನ್ನಿಗೂ ಹಾಕಿದ ಸರಪಣಿಗಳನ್ನು ಮೇಲಿನ ತೊಲೆಗಳಿಗೆ ಬಿಗಿದಿರುವರು, ಏಕೆಂದರೆ ಬೇರೆ ಕಡೆ ಕಟ್ಟಿದರೆ ಆನೆಯು ತಾನೇ ಬಿಚ್ಚಿಕೊಳ್ಳುವುದು. ಮುಂಗಾಲುಗಳಿಗೂ ಸಂಕೋಲೆ ಉಂಟು. ಆಹಾರವು ದಿನಕ್ಕೆ ಎರಡು ಸಲ. ಬೇಯಿಸಿದ ಕಿಚಡಿಯನ್ನು ಆನೆಯ ಎದುರಿಗೇ ಪಾತ್ರೆಯಿಂದ ತೆಗೆದು, ಉಪ್ಪೂ ಸಕ್ಕರೆಯೂ ಬೆರಸಿ, ದೊಡ್ಡ ಉಂಡೆಗಳನ್ನು ಮಾಡಿ, ಬೆಣ್ಣೆಯಲ್ಲಿ ಅದ್ದಿ ಮಾವಟಿಗನು ಬಾಯಿಗಿಡುವನು. ಇವುಗಳಲ್ಲಿ ಒಂದನ್ನು ಮರೆತರೂ ಆನೆಯು ಅವನ ಮೇಲೆ ಬೀಳುವುದು, ಅರಸನೂ ಅವನನ್ನು ದಂಡಿಸುವನು.

ಇದನ್ನು ಓದಿದ ಪರದೇಶದ ವಿದ್ವಾಂಸನು ನಗಬಹುದು. ೧೯೦೯ರಲ್ಲಿ ಮೈಸೂರಿನಲ್ಲಿ ಶಾಮಶಾಸ್ತ್ರಿಗಳಿಂದ ಬೆಳಕು ಕಂಡ ಕೌಟಿಲ್ಯನ ಅರ್ಥಶಾಸ್ತ್ರವನ್ನು ಓದಿದವರಿಗೆ ನಗೆ ಬರಲಾರದು. ಹಸ್ತ್ಯಧ್ಯಕ್ಷ ಪ್ರಕರಣದಲ್ಲಿ ಆನೆಯ ಎತ್ತರಕ್ಕೆ ತಕ್ಕಂತೆ ಅಕ್ಕಿ, ಎಣ್ಣೆ, ತುಪ್ಪ, ಉಪ್ಪು, ಬೆಲ್ಲದ ಜಾತಿಯ ಸಿಹಿ ಇವುಗಳ ಪರಿಮಾಣವನ್ನು ವಿಧಿಸಿದೆ. ಸಿಂಹಳದಿಂದ ಬರುವ ಆನೆಗಳ ಬೆಲೆಯು ಎತ್ತರದ ಗಜಗಳ ಲೆಕ್ಕದಲ್ಲಿ ಏರುವುದೆಂದು ರಜಾಕನು ಹೇಳಿದಾಗಲೂ ಅದೇ ಪ್ರಕರಣದ ನೆನಪು ಬರುತ್ತದೆ. ಏಳು ಅರತ್ನಿ ಎತ್ತರದ್ದು ಉತ್ತಮವೆಂದು ಅಲ್ಲಿಯ ನಿಯಮ. ಸಂಸ್ಕೃತವನ್ನರಿಯದ ಹೀರಾತಿನವನು ಶಾಸ್ತ್ರವನ್ನು ನೋಡಿ ಬರೆದಿರಲಾರನು. ಶಾಸ್ತ್ರವು ಲಾಯದಲ್ಲಿ ಆಚರಣೆಯಾಗಿ ಉಳಿದಿದ್ದುದನ್ನು ಕಂಡು ಬರೆದಿದ್ದಾನೆ.

ಬಿಳಿಯಾನೆಯ ಮಾತೂ ಹೀಗೆಯೇ. ಅರಸನ ಬಳಿ ಬಹು ದೊಡ್ಡ ಬಿಳಿಯಾನೆಯೊಂದಿದ್ದು, ಪ್ರತಿದಿನ ಬೆಳಗ್ಗೆ ಅದರ ದರ್ಶನವನ್ನು ಮಂಗಳಕರವೆಂದು ಭಾವಿಸುತ್ತಿದ್ದರೆನ್ನುತ್ತಾನೆ. ಕವಿಯಾಗಿದ್ದರೆ ಅದು ಕಳಂಕವಿಲ್ಲದ ಐರಾವತವಾಗುತ್ತಿದ್ದಿತು. ರಜಾಕನಾದರೋ ಅದರ ಮೈಮೇಲೆ ಅಲ್ಲಲ್ಲಿ ಇದ್ದ ಮಚ್ಚೆಗಳನ್ನು ಬಿಡದೆ ಹೇಳಿದ್ದಾನೆ. ಆ ಮಚ್ಚೆಗಳೇ ಆತನ ಸಾಕ್ಷ್ಯಕ್ಕೆ ಮುದ್ರೆ.

ಆನೆಯು ಹೀರಾತಿನವರಿಗೆ ಅಶ್ರುತಪೂರ್ವವಾದ ಪ್ರಾಣಿಯೇನೂ ಆಗಿರಲಿಲ್ಲ. ತೈಮೂರನು ದೆಹಲಿಯಿಂದ ಒಯ್ದ ಆನೆಗಳನ್ನು ೧೪೦೪ರಲ್ಲಿ ಸಮರ್ಖಂದದಲ್ಲಿ ಸ್ಪೇನಿನ ರಾಯಭಾರಿ ಕ್ಲಾವಿಹೋ ಕಂಡಿದ್ದನು. ಆದಕಾರಣ ರಜಾಕನ ಕುತೂಹಲವು ಸೊಂಡಿಲನ್ನೂ ದಂತವನ್ನೂ ಕಂಡ ಬಾಲಕನ ಕುತೂಹಲವಲ್ಲ. ಕಾಡಿನ ಮೃಗವು ನಾಡಿನದಾಗುವ ಬಗೆ ಹೇಗೆಂಬುದೇ ಆತನ ಪ್ರಶ್ನೆ. ಇದಕ್ಕೆ ಹೀರಾತಿನಲ್ಲಿ ಉಪಮಾನವಿರಲಿಲ್ಲ. ಆದುದರಿಂದಲೇ ಸ್ವಭಾವೋಕ್ತಿಯು ಅನಿವಾರ್ಯವಾಯಿತು.

ಹಿಡಿಯುವ ಕ್ರಮವನ್ನು ಆತನು ಹೀಗೆ ಹೇಳುತ್ತಾನೆ. ಆನೆಯು ನೀರಿಗೆ ಹೋಗುವ ದಾರಿಯಲ್ಲಿ ಗುಂಡಿ ತೋಡಿ ಮೇಲೆ ಹಗುರವಾಗಿ ಮುಚ್ಚುವರು. ಬಿದ್ದ ಆನೆಯ ಬಳಿಗೆ ಎರಡು ಮೂರು ದಿನ ಯಾರೂ ಸುಳಿಯರು. ಅನಂತರ ಒಬ್ಬನು ಬಂದು ದೊಣ್ಣೆಯಿಂದ ಹೊಡೆಯುವನು. ಕೂಡಲೇ ಮತ್ತೊಬ್ಬನು ತೋರಿಕೊಂಡು, ಹೊಡೆಯುವವನನ್ನು ಓಡಿಸಿ, ದೊಣ್ಣೆಯನ್ನು ಕಿತ್ತೆಸೆದು, ಮೇವು ಹಾಕಿ ಹೋಗುವನು. ಹೀಗೆ ಹಲವು ದಿನ ನಡೆದ ಮೇಲೆ ಆನೆಗೆ ಎರಡನೆಯವನಲ್ಲಿ ಸ್ನೇಹವು ಹುಟ್ಟುವುದು. ಅವನು ಹಣ್ಣು ಕೊಡುತ್ತ, ಮೈ ತುರಿಸುತ್ತ ಅದನ್ನು ವಶಮಾಡಿಕೊಳ್ಳುವನು. ನೀತಿಶಾಸ್ತ್ರದ ಸಾಮವನ್ನೂ ದಂಡವನ್ನೂ ಇಬ್ಬರು ಪುರುಷರಿಗೆ ಹಂಚಿಕೊಟ್ಟಂತಿರುವ ಈ ಉಪಾಯವನ್ನು ಆಸ್ಥಾನದ ಗದ್ಯಕಾರನು ಕಲ್ಪಿಸಿದನೆನ್ನುವುದಕ್ಕಿಂತ, ಮಾವಟಿಗರ ಬಾಯಿಂದ ಕೇಳಿ ತಿಳಿದನೆನ್ನುವುದು ಯುಕ್ತ. ಗುಂಡಿಯ ಉಪಾಯವು ಈ ದೇಶಕ್ಕೆ ಬಹು ಹಳೆಯದು. ನೀಲಕಂಠನ ಮಾತಂಗಲೀಲೆಯು ಹೇಳುವ ಐದು ಬಂಧಗಳಲ್ಲಿ ಕಡೆಯದು ಈ ಅವಪಾತವೇ. ರಘುವಂಶದ ಹದಿನಾರನೆಯ ಸರ್ಗದಲ್ಲಿ ಕುಶನು ಬಾಣವನ್ನು ಹೂಡಿದಾಗ ಕದಡಿದ ಮಡುವಿನ ಮೊರೆತಕ್ಕೆ ಕಾಳಿದಾಸನು ತಂದ ಉಪಮಾನವೂ ಗುಂಡಿಗೆ ಬಿದ್ದ ಕಾಡಾನೆಯೇ. ಶಾಸ್ತ್ರಕಾರರು ಅವಪಾತವನ್ನು ಹೊಗಳಿಲ್ಲ. ಆನೆಗಳ ನಾಶಕ್ಕೆ ಅದು ಕಾರಣವೆಂದು ಹಳಿದರು. ಬಿದ್ದು ಕಾಲು ಮುರಿದ ಆನೆಗಳ ಮಾತು ರಜಾಕನಲ್ಲಿ ಇಲ್ಲ. ಪಳಗಿದುದು ಮಾತ್ರ ಊರಿಗೆ ಬರುವುದು, ಊರಿನಲ್ಲಿದ್ದ ರಾಯಭಾರಿಯು ಅದನ್ನೇ ಕಾಣುವನು. ಆತನ ಬರೆಹದ ಮಿತಿಯು ಇಲ್ಲಿದೆ; ಇತಿಹಾಸಕಾರರು ತೋರಿಸುವ ಕಡೆಯಲ್ಲಿ ಇಲ್ಲ.

ಕಥಾಪ್ರಸಂಗವೆಂಬ ಆಕ್ಷೇಪಣೆಗೆ ಗುರಿಯಾದುದು ಮುಖ್ಯವಾಗಿ ತಪ್ಪಿಸಿಕೊಂಡ ಆನೆಯ ವೃತ್ತಾಂತ. ಬಂಧನವನ್ನು ಹರಿದು ಕಾಡಿಗೆ ಹೋದ ಆನೆಯೊಂದು, ಹಿಂದೆ ಗುಂಡಿಗೆ ಬಿದ್ದ ಅನುಭವದಿಂದ, ಸೊಂಡಿಲಿನಲ್ಲಿ ಮರದ ತುಂಡೊಂದನ್ನು ಹಿಡಿದು ನೆಲವನ್ನು ಊರಿ ಊರಿ ಪರೀಕ್ಷಿಸುತ್ತ ನೀರಿಗೆ ಹೋಗುತ್ತಿದ್ದಿತಂತೆ. ಕಡೆಗೆ ಒಬ್ಬ ಮಾವಟಿಗನು ದಾರಿಯ ಮರದಲ್ಲಿ ಅಡಗಿದ್ದು, ಅದರ ಬೆನ್ನಿನ ಮೇಲೆ ಧುಮುಕಿ, ಮೈಮೇಲೆ ಉಳಿದಿದ್ದ ಹಗ್ಗವನ್ನು ಬಿಗಿಯಾಗಿ ಹಿಡಿದು, ಅದು ಹೊರಳಿದ ಕಡೆಯಿಂದ ಇನ್ನೊಂದು ಕಡೆಗೆ ನೆಗೆಯುತ್ತ, ತಲೆಯ ಮೇಲೆ ಹೊಡೆದು ದಣಿಸಿ ಅರಸನಿಗೆ ಒಪ್ಪಿಸಿದನು. ಇದನ್ನು ರಜಾಕನು ಕೇಳಿದ ಕಥೆಯೆಂದೇ ಗುರುತಿಟ್ಟು ಹೇಳಿದ್ದಾನೆ. ಹಿಡಿಯುವ ಕ್ರಮಕ್ಕೂ ಲಾಯದ ವಿವರಕ್ಕೂ ಆ ಗುರುತು ಇಲ್ಲ. ಕಂಡುದನ್ನೂ ಕೇಳಿದುದನ್ನೂ ಬೇರ್ಪಡಿಸಿದ ಲೇಖಕನನ್ನು, ಬೇರ್ಪಡಿಸದೆ ಓದಿದವರು ಕಥೆಗಾರನೆಂದು ಕರೆದರೆ ತಪ್ಪು ಯಾರದು? ಕಥೆಯೂ ಅಷ್ಟೇನು ಅಸಂಭಾವ್ಯವಲ್ಲ. ಆನೆಗಳು ಕೊಂಬೆಗಳನ್ನು ಮುರಿದು, ಅಳತೆಗೆ ತಕ್ಕಂತೆ ಕಿರಿದುಮಾಡಿಕೊಂಡು ನೊಣಗಳನ್ನು ಓಡಿಸಲು ಬಳಸುವುದನ್ನು ನಾಗರಹೊಳೆಯ ಆನೆಗಳಲ್ಲಿ ಪರೀಕ್ಷಿಸಿ ವಿಜ್ಞಾನಿಗಳು ೨೦೦೧ರಲ್ಲಿ ಪ್ರಕಟಿಸಿದ್ದಾರೆ.

ಇನ್ನು ಈ ಪ್ರಕರಣದಿಂದ ಶಾಸನಪಾಠಕರಿಗೆ ಆಗಬಹುದಾದ ಒಂದು ಪ್ರಯೋಜನ. ಇಮ್ಮಡಿ ದೇವರಾಯನಿಗೆ ಶಾಸನಗಳಲ್ಲಿ ‘ಗಜಬೇಂಟೆಕಾರ’ ಎಂಬ ಬಿರುದು ಕಾಣುತ್ತದೆ. ಇಲ್ಲಿ ಗಜವೆಂದರೆ ಆನೆಯಂತಹ ಶತ್ರುಗಳೆಂದು ರೂಪಕವನ್ನು ಹೇಳಬಹುದು. ವೈರಿಗಳನ್ನು ಆನೆಗಳೆನ್ನುವುದು ಕಾವ್ಯದಲ್ಲಿ ಸಾಮಾನ್ಯ. ಆದರೆ ರೂಪಕವೇ ಉದ್ದೇಶವಾಗಿದ್ದರೆ ಎದುರಿಗೆ ಸಿಂಹವೋ ಶರಭವೋ ಬರಬೇಕು. ಆ ಅರಸನ ನಾಣ್ಯಗಳ ಮೇಲಿನ ‘ಗಜಗಂಡ ಭೇರುಂಡ’ ಎಂಬಲ್ಲಿ ಹಾಗೆಯೇ ಬಂದಿದೆ, ಭೇರುಂಡವು ಕವಿಕಲ್ಪಿತವಾದ ಪಕ್ಷಿ. ‘ಬೇಂಟೆಕಾರ’ ಎಂಬುದಾದರೋ ಕಸುಬಿನ ಮಾತು, ಕಾಡಿನಲ್ಲಿ ನಡೆದವನಿಗೆ ಸಲ್ಲುವ ದೇಶ್ಯಪದ. ಹಿಂದೂಸ್ಥಾನದ ಅರಸರು ಆನೆಯ ಬೇಟೆಯಲ್ಲಿ ಆಸಕ್ತರಾಗಿ ತಿಂಗಳುಗಟ್ಟಲೆ ಕಾಡಿನಲ್ಲಿ ನಿಲ್ಲುವರು, ಆನೆ ಸಿಕ್ಕಿದರೆ ಅದನ್ನು ದೊಡ್ಡ ಹೆಮ್ಮೆಯಾಗಿ ಎಣಿಸುವರು ಎಂದು ರಜಾಕನು ಬರೆದಿದ್ದಾನೆ. ಮಾತು ಸಾಮಾನ್ಯರೂಪದಲ್ಲಿದ್ದು ದೇವರಾಯನ ಹೆಸರನ್ನು ಹೇಳುವುದಿಲ್ಲ, ನಿಜ. ಆದರೆ ಕಲ್ಲಿಕೋಟೆಯ ಸಾಮೂದಿರಿಯನ್ನು ಬಿಟ್ಟರೆ ಆತನು ಹತ್ತಿರದಿಂದ ನೋಡಿದ ಹಿಂದೂ ಅರಸನು ದೇವರಾಯನೊಬ್ಬನೇ. ಬಿರುದಿನ ವಾಚ್ಯಾರ್ಥಕ್ಕೆ ಇಂತಹ ಸಮಕಾಲೀನ ಸಾಕ್ಷಿಯು ಇರುವಾಗ ಲಕ್ಷಣೆಗೆ ಹೋಗಬೇಕಾದ ಬಾಧಕವು ಕಾಣುವುದಿಲ್ಲ. ಮುಖ್ಯಾರ್ಥಕ್ಕೆ ಬಾಧೆಯಿದ್ದಲ್ಲಿ ಮಾತ್ರವೇ ಲಕ್ಷಣೆ ಎಂಬುದು ಶಾಸ್ತ್ರಸಮ್ಮತ.

ಎಂಭತ್ತು ವರ್ಷಗಳ ತರುವಾಯ ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪಾಯಸನೂ ಅವನ ಅನಂತರದ ನೂನಿಜನೂ ಪ್ರಾಣಿಗಳನ್ನು ಬಹುವಾಗಿ ಹೇಳಿದ್ದಾರೆ. ಆದರೆ ಅವರ ಕಣ್ಣು ಪೇಟೆಯ ಕಣ್ಣು. ಕೌಜುಗ, ಮೊಲ, ಪಾರಿವಾಳಗಳನ್ನು ಮಾರುವುದನ್ನು ಪಾಯಸನು ಹೇಳಿದರೆ, ಇಲಿ ಬೆಕ್ಕು ಹಲ್ಲಿಗಳೂ ತಿನ್ನುವುದಕ್ಕೆ ಮಾರಾಟವಾಗುತ್ತಿದ್ದುವೆಂದು ನೂನಿಜನು ಸೇರಿಸುತ್ತಾನೆ. ಪ್ರಾಣಿಯು ಮನುಷ್ಯನೊಡನೆ ಬಾಳುವ ರೀತಿಯನ್ನು ನಿಂತು ನೋಡುವ ತಾಳ್ಮೆ ರಜಾಕನಲ್ಲಿದ್ದಷ್ಟು ಅವರಲ್ಲಿ ತೋರುವುದಿಲ್ಲ.

ಕಡೆಗೆ ಹಂಪೆಯಲ್ಲಿ ಈಗ ಗಜಶಾಲೆಯೆಂದು ತೋರಿಸುವ ಕಟ್ಟಡದ ವಿಚಾರ. ಸಾಲಾಗಿ ಹನ್ನೊಂದು ಕೋಣೆಗಳುಳ್ಳ ಆ ಕಟ್ಟಡಕ್ಕೆ ಗಾರೆಯ ಗುಮ್ಮಟಗಳಿವೆ. ರಜಾಕನು ಕಂಡ ಲಾಯವು ಇದೇ ಎಂದು ಹೇಳುವವರು, ಆತನು ಸರಪಣಿಗಳನ್ನು ಚಾವಣಿಯ ಮರದ ತೊಲೆಗಳಿಗೆ ಕಟ್ಟಿದ್ದರೆಂದು ಕಾರಣಸಹಿತವಾಗಿ ಬರೆದಿರುವುದನ್ನು ಗಮನಿಸಬೇಕು. ಗುಮ್ಮಟದ ಕೆಳಗೆ ತೊಲೆಗೆ ಎಡೆಯಿಲ್ಲ. ಆತನ ಲಾಯವು ಬೇರೆ ಕಡೆ ಇದ್ದು ಹಾಳಾಗಿರಬೇಕು, ಇಲ್ಲವೆ ಈಗಿನ ಕಟ್ಟಡವು ೧೪೪೩ರಿಂದ ಈಚೆಗೆ ಎದ್ದುದಾಗಿರಬೇಕು. ಟಂಕಸಾಲೆಯ ನೆಲೆಯು ಖಚಿತವಾದರೆ ಈ ಪ್ರಶ್ನೆಯು ತೀರುವುದು.