ಕಟ್ಟಿದ ಲೋಕದಲ್ಲಿ ಮನುಷ್ಯನೆಲ್ಲಿ?

ಕನ್ನಡದಲ್ಲಿ ಫ್ಯಾಂಟಸಿ ಬರೆಯುವ ಹುಮ್ಮಸ್ಸು ಹೊಸ ತಲೆಮಾರಿನಲ್ಲಿ ಕಾಣಿಸುತ್ತಿದೆ. ಹ್ಯಾರಿ ಪಾಟರ್ ಓದಿ, ‘ಬಾಹುಬಲಿ’ಯಂಥ ಸಿನಿಮಾ ನೋಡಿ ಬೆಳೆದ ಹುಡುಗ ಹುಡುಗಿಯರು ತಮ್ಮದೇ ಒಂದು ಲೋಕ ಕಟ್ಟಲು ಹೊರಟಿದ್ದಾರೆ. ಇದು ಸಂತೋಷದ ಸಂಗತಿ. ಆದರೆ ನನ್ನ ಕೈಗೆ ಬರುವ ಹಸ್ತಪ್ರತಿಗಳಲ್ಲಿ ಒಂದು ತೊಡಕು ಮತ್ತೆ ಮತ್ತೆ ಎದುರಾಗುತ್ತದೆ. ಮೊದಲ ಪುಟದಲ್ಲಿ ನಕಾಶೆ. ಆಮೇಲೆ ರಾಜ್ಯಗಳ ಹೆಸರು, ವಂಶಾವಳಿ, ಮಾಂತ್ರಿಕರ ಶ್ರೇಣಿ, ಸಾವಿರ ವರ್ಷದ ಯುದ್ಧಗಳ ಇತಿಹಾಸ. ಮೂವತ್ತು ಪುಟ ದಾಟಿದರೂ ಹಸಿದವನೊಬ್ಬ, ಸಿಟ್ಟಾದವಳೊಬ್ಬಳು ಕಣ್ಣಿಗೆ ಬೀಳುವುದಿಲ್ಲ. ಇದಕ್ಕೆ ತದ್ವಿರುದ್ಧವಾದ ಬರಹಗಳೂ ಇವೆ. ಅಲ್ಲಿ ನಾಯಕನ ಅಳಲು ಪುಟಗಟ್ಟಲೆ ಹರಿಯುತ್ತದೆ, ಆದರೆ ಅವನ ಕತ್ತಿ ಕಿರೀಟ ಕಳಚಿದರೆ ಉಳಿಯುವವನು ಪಟ್ಟಣದ ಕಾಲೇಜು ಹುಡುಗ. ಹಾಗಿದ್ದರೆ ಅವನು ಹಾರುವ ಕುದುರೆಯ ಮೇಲೆ ಕೂತದ್ದೇಕೆ?

ಲೋಕಸೃಷ್ಟಿ ಹೆಚ್ಚಾಯಿತು, ಪಾತ್ರಪೋಷಣೆ ಕಡಿಮೆಯಾಯಿತು ಎಂದು ಅಂಗಡಿಯ ತಕ್ಕಡಿ ಹಿಡಿದು ಇದನ್ನು ತೂಗುವುದು ವಾಡಿಕೆ. ಅರ್ಧ ಸೇರು ಅದು, ಅರ್ಧ ಸೇರು ಇದು ಎಂಬ ಲೆಕ್ಕ ಸಾಹಿತ್ಯದಲ್ಲಿ ನಡೆಯಲಾರದು. ಇವೆರಡೂ ಒಂದನ್ನೊಂದು ಹೇಗೆ ಹುಟ್ಟಿಸುತ್ತವೆ ಎಂಬುದನ್ನು ನೋಡಬೇಕು. ಇದಕ್ಕೆ ಇಂಗ್ಲೆಂಡಿಗೆ ಹೋಗುವ ಮೊದಲು ನಮ್ಮ ಮನೆಯ ಕಪಾಟು ತೆರೆಯುವುದು ಒಳ್ಳೆಯದು.

ಉರ್ದು ಓದಿದವರಿಗೆ ದಾಸ್ತಾನುಗಳು ಗೊತ್ತು. ಅಮೀರ್ ಹಮ್ಜಾನ ದಾಸ್ತಾನು ಲಖನೌದ ನವಲ್ ಕಿಶೋರ್ ಮುದ್ರಣಾಲಯದಿಂದ ಒಟ್ಟು 46 ಸಂಪುಟಗಳಲ್ಲಿ ಬಂತು. ಅದರಲ್ಲೇ ಅತ್ಯಂತ ಪ್ರಸಿದ್ಧವಾದದ್ದು ‘ತಿಲಿಸ್ಮೆ ಹೋಶರುಬಾ’. 1883ರಿಂದ ಸುಮಾರು ಹತ್ತು ವರ್ಷ ಅದು ಅಚ್ಚಾಗುತ್ತಲೇ ಇತ್ತು. ಮೊದಲ ನಾಲ್ಕು ಸಂಪುಟಗಳನ್ನು ಮುಹಮ್ಮದ್ ಹುಸೇನ್ ಜಾಹ್, ಉಳಿದವನ್ನು ಅಹ್ಮದ್ ಹುಸೇನ್ ಕಮರ್ ಬರೆದರು. ತಿಲಿಸ್ಮ್ ಎಂದರೆ ಮಾಯೆಯಿಂದ ಕಟ್ಟಿದ ಲೋಕ. ಅದಕ್ಕೊಂದು ಕಾನೂನಿದೆ. ಅದನ್ನು ಮುರಿಯುವವನು ಯಾರೆಂಬುದು ಮೊದಲೇ ಗೊತ್ತಾಗಿರುತ್ತದೆ, ಮುರಿಯುವ ಬಗೆಯನ್ನು ಹೇಳುವ ‘ಲೌಹ್’ ಎಂಬ ಫಲಕ ಅವನಿಗೆ ಸಿಗಬೇಕು. ಹೋಶರುಬಾದ ಮಟ್ಟಿಗೆ ಆ ಮುರಿಯುವವನು ಹಮ್ಜಾನ ಮೊಮ್ಮಗ ಅಸದ್.

ಲೋಕಸೃಷ್ಟಿಯ ದೃಷ್ಟಿಯಿಂದ ಇದಕ್ಕೆ ಸಾಟಿಯಾದದ್ದು ಕಡಿಮೆ. ಆದರೆ ಓದಿ ಮುಗಿಸಿದವರನ್ನು ಕೇಳಿ: ನೆನಪಿನಲ್ಲಿ ಉಳಿದವರು ಯಾರು? ಅಸದ್ ಎಂದು ಹೇಳುವವರು ವಿರಳ. ಎಲ್ಲರ ಬಾಯಲ್ಲೂ ಬರುವ ಹೆಸರು ಅಮರ್ ಅಯ್ಯಾರನದು. ಅವನು ಹಮ್ಜಾನ ಗೆಳೆಯ, ವೇಷಗಾರ, ಮೋಸಗಾರ, ಮಹಾ ಜಿಪುಣ. ಅವನ ಬಳಿ ‘ಜಂಬೀಲ್’ ಎಂಬ ಚೀಲವಿದೆ. ಏನು ಹಾಕಿದರೂ ಅದು ತುಂಬುವುದಿಲ್ಲ. ಇಲ್ಲಿ ಒಂದು ಸೂಕ್ಷ್ಮವಿದೆ. ಎಷ್ಟು ಸಿಕ್ಕರೂ ಸಾಲದ ಮನುಷ್ಯನ ಹೆಗಲಿಗೇ ಎಂದೂ ತುಂಬದ ಚೀಲ ಬಂದಿದೆ. ಅದೇ ಚೀಲ ಹಮ್ಜಾನ ಕೈಯಲ್ಲಿದ್ದರೆ ಬರೀ ಸಾಮಾನು, ಅಮರನ ಹೆಗಲ ಮೇಲೆ ಅದು ಸ್ವಭಾವ. ಹಾಗೆಯೇ ಮಾಯಾಲೋಕದ ಬಾದಶಹ ಅಫ್ರಾಸಿಯಾಬ್. ನಡೆಯುತ್ತಿರುವುದನ್ನೆಲ್ಲ ತಿಳಿಸುವ ‘ಕಿತಾಬೆ ಸಾಮರಿ’ ಎಂಬ ಪುಸ್ತಕ ಅವನ ಬಳಿ ಇದೆ. ಎಲ್ಲವನ್ನೂ ತಿಳಿಯಬಲ್ಲ ದೊರೆ, ಆದರೂ ಸೋಲು ತಪ್ಪುವುದಿಲ್ಲ. ಈ ಇಕ್ಕಟ್ಟೇ ಅವನನ್ನು ಬರೀ ಖಳನಾಗಲು ಬಿಡುವುದಿಲ್ಲ.

ದಾಸ್ತಾನಿನ ಉಳಿದ ಪಾತ್ರಗಳು ತೆಳ್ಳಗಿವೆ ಎಂಬುದು ನಿಜ. ನೂರಾರು ರಾಜಕುಮಾರರನ್ನು ಒಬ್ಬರಿಂದೊಬ್ಬರನ್ನು ಬೇರ್ಪಡಿಸಿ ನೋಡುವುದು ಕಷ್ಟ. ಆದರೆ ದಾಸ್ತಾನು ಕೇಳಲು ಹುಟ್ಟಿದ್ದು. ಪುಟದ ಮೇಲೆ ತೆಳ್ಳಗಿದ್ದ ಪಾತ್ರಕ್ಕೆ ದಾಸ್ತಾನ್‌ಗೋನ ಕಂಠ, ಹುಬ್ಬು, ಕೈ ಮಾಂಸ ತುಂಬುತ್ತಿದ್ದವು. ದೆಹಲಿಯ ಕೊನೆಯ ಹೆಸರಾಂತ ದಾಸ್ತಾನ್‌ಗೋ ಮೀರ್ ಬಾಕರ್ ಅಲಿ 1928ರಲ್ಲಿ ತೀರಿಕೊಂಡರು. ಶಮ್ಸುರ್ ರಹಮಾನ್ ಫಾರೂಕಿಯವರ ಮಾರ್ಗದರ್ಶನದಲ್ಲಿ ಮಹಮೂದ್ ಫಾರೂಕಿ 2005ರಲ್ಲಿ ಈ ಕಲೆಯನ್ನು ಮತ್ತೆ ವೇದಿಕೆಗೆ ತಂದಾಗ ಜನ ಮುಗಿಬಿದ್ದದ್ದಕ್ಕೆ ಈ ಕಂಠವೂ ಕಾರಣ. ಮೌನವಾಗಿ ಓದಿಸಿಕೊಳ್ಳುವ ಕಾದಂಬರಿಗೆ ಆ ಕಂಠದ ಆಸರೆಯಿಲ್ಲ. ಆದ್ದರಿಂದ ದಾಸ್ತಾನಿನ ವಿಸ್ತಾರವನ್ನಷ್ಟೇ ಎತ್ತಿಕೊಂಡು ಬಂದವರು ಬರಿಗೈಯಲ್ಲಿ ನಿಲ್ಲುತ್ತಾರೆ.

ನಮ್ಮ ಬೆಳಗಾವಿ ಸೀಮೆಯ ‘ಶ್ರೀಕೃಷ್ಣ ಪಾರಿಜಾತ’ ಇದನ್ನೇ ಬೇರೆ ರೀತಿಯಲ್ಲಿ ಹೇಳುತ್ತದೆ. ಕುಲಗೋಡ ತಮ್ಮಣ್ಣನ ಹೆಸರಿನೊಂದಿಗೆ ಬೆಳೆದ, ಕೌಜಲಗಿ ನಿಂಗಮ್ಮನಂಥ ಕಲಾವಿದೆಯರು ಮನೆಮಾತಾಗಿಸಿದ ಈ ಆಟವನ್ನು ಅಥಣಿ, ರಾಯಬಾಗ, ಚಿಕ್ಕೋಡಿ ಕಡೆಯ ಹಳೆಯ ತಲೆಮಾರು ರಾತ್ರಿಯಿಡೀ ಕೂತು ನೋಡಿದೆ. ಕಥೆಯಲ್ಲಿ ಸ್ವರ್ಗವಿದೆ, ದೇವಲೋಕದ ಹೂವಿದೆ. ಆದರೆ ಜನ ಕಾಯುವುದು ಸತ್ಯಭಾಮೆಯ ಸಿಟ್ಟಿಗೆ. ಹೂವು ಸವತಿ ರುಕ್ಮಿಣಿಗೆ ಹೋಯಿತೆಂಬ ಒಂದೇ ಸುದ್ದಿಯಿಂದ ಸ್ವರ್ಗ ನೆಲಕ್ಕಿಳಿದು ನಮ್ಮ ಓಣಿಯ ಜಗಳವಾಗುತ್ತದೆ. ಸ್ವರ್ಗ ಹೇಗಿದೆ ಎಂದು ಯಾರೂ ಕೇಳುವುದಿಲ್ಲ. ಹಾಗೆಂದು ಹೂವು ಸಾಧಾರಣ ಮಲ್ಲಿಗೆಯಾಗಿದ್ದರೂ ಆಟ ನಿಲ್ಲುತ್ತಿರಲಿಲ್ಲ. ಅದು ಬೇರೆಲ್ಲೂ ಸಿಗದ ಹೂವು, ಆದ್ದರಿಂದಲೇ ಅವಮಾನವೂ ಅಷ್ಟು ದೊಡ್ಡದು.

ಈ ಮಣ್ಣಿನಿಂದಲೇ ಬಂದವರು ಚಂದ್ರಶೇಖರ ಕಂಬಾರ. ಬೆಳಗಾವಿ ಜಿಲ್ಲೆಯ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಅವರು ‘ಶಿವಾಪುರ’ ಎಂಬ ಊರನ್ನು ಕಟ್ಟಿ, ಕಾವ್ಯ, ನಾಟಕ, ಕಾದಂಬರಿಗಳಲ್ಲಿ ದಶಕಗಳ ಕಾಲ ಅಲ್ಲಿಯೇ ಸುತ್ತಾಡಿದರು. ಆಧುನಿಕ ಕನ್ನಡದಲ್ಲಿ ಇಷ್ಟು ದೀರ್ಘಕಾಲ ಒಂದೇ ಕಲ್ಪಿತ ಊರನ್ನು ಬೆಳೆಸಿದವರು ಕಡಿಮೆ. ಆದರೆ ಶಿವಾಪುರದ ನಕಾಶೆಯನ್ನು ಅವರು ಓದುಗನ ಕೈಗೆ ಕೊಡಲಿಲ್ಲ. ಬದಲಿಗೆ ನಾಲಿಗೆ ಕೊಟ್ಟರು. ‘ಹೇಳತೇನ ಕೇಳ’ ಎಂಬ ಹೆಸರನ್ನೇ ನೋಡಿ. ‘ಹೇಳುತ್ತೇನೆ ಕೇಳು’ ಎಂದು ತಿದ್ದಿದರೆ ಊರೇ ಮಾಯವಾಗುತ್ತದೆ.

1982ರ ‘ಸಿಂಗಾರೆವ್ವ ಮತ್ತು ಅರಮನೆ’ ಇದಕ್ಕೆ ಒಳ್ಳೆಯ ಉದಾಹರಣೆ. ಪಾಳುಬೀಳುತ್ತಿರುವ ದೇಸಗತಿಯ ಅರಮನೆ, ಅದರ ಕತ್ತಲು, ಅಲ್ಲಿನ ಭಯ ಇವೆಲ್ಲ ನಮಗೆ ತಿಳಿಯುವುದು ಶೀನಿಂಗವ್ವನ ಬಾಯಿಂದ. ಅವಳು ಸಿಂಗಾರೆವ್ವನ ಜೊತೆಗಾತಿ, ಆಳು. ಆಳಿನ ಕಣ್ಣಿಗೆ ಅರಮನೆಯ ಯಾವ ಬಾಗಿಲು ಕಾಣುತ್ತದೋ ಆ ಬಾಗಿಲು ಮಾತ್ರ ನಮಗೆ ತೆರೆಯುತ್ತದೆ. ಲೋಕವನ್ನು ವರ್ಣಿಸುವ ಪ್ರತಿ ಮಾತೂ ಹೇಳುವವಳ ಸ್ವಭಾವವನ್ನೂ ಬಯಲು ಮಾಡುತ್ತದೆ. ಒಂದೇ ವಾಕ್ಯ ಎರಡು ಕೆಲಸ ಮಾಡುತ್ತಿರುವಾಗ ಯಾವುದು ಹೆಚ್ಚು, ಯಾವುದು ಕಡಿಮೆ ಎಂದು ತೂಗುವ ಪ್ರಶ್ನೆಯೇ ಬರುವುದಿಲ್ಲ.

1975ರ ‘ಕರಿಮಾಯಿ’ಯಲ್ಲಿ ಇನ್ನೊಂದು ಬಗೆ. ಅಲ್ಲಿ ದೇವಿಯ ಶಕ್ತಿ ನಿಜವೋ ಸುಳ್ಳೋ ಎಂದು ಲೇಖಕರು ವಾದ ಹೂಡುವುದಿಲ್ಲ. ಊರು ನಂಬಿದೆ, ಹಿರಿಯರು ಆ ನಂಬಿಕೆಯ ಮೇಲೆ ಊರು ನಡೆಸುತ್ತಾರೆ. ಪಟ್ಟಣದಲ್ಲಿ ಓದಿ ಬಂದ ಗುಡಸೀಕರ ಆ ಕಟ್ಟಿಗೆ ಕೈ ಹಾಕಿದಾಗಲೇ ಅದರ ಬಲ ನಮಗೆ ತಿಳಿಯುವುದು. ಲೋಕದ ಕಾನೂನು ಅದನ್ನು ಮೀರಲು ಹೊರಟವನ ಮೈಮೇಲೆ ಬರೆದಾಗ ಮಾತ್ರ ಓದುಗನಿಗೆ ಕಾಣುತ್ತದೆ. 1991ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಸಿರಿಸಂಪಿಗೆ’ ನಾಟಕದಲ್ಲಂತೂ ರಾಜಕುಮಾರ ತನ್ನನ್ನೇ ಎರಡಾಗಿ ಸೀಳಿಸಿಕೊಳ್ಳುತ್ತಾನೆ, ಅರ್ಧ ಮನುಷ್ಯನಾಗಿ ಉಳಿಯುತ್ತದೆ, ಇನ್ನರ್ಧ ಹಾವಾಗುತ್ತದೆ. ಇಂಥ ಅದ್ಭುತಕ್ಕೆ ವಿವರಣೆ ಬೇಡ. ತನ್ನನ್ನೇ ಪ್ರೀತಿಸುವವನ ರೋಗ ಇದಕ್ಕಿಂತ ಸ್ಪಷ್ಟವಾಗಿ ಇನ್ನು ಹೇಗೆ ಕಾಣಬೇಕು?

ಆದರೆ ಕಂಬಾರರ ಎಲ್ಲ ಕೃತಿಗಳಲ್ಲೂ ಈ ಹದ ಒಂದೇ ಸಮ ಇದೆ ಎನ್ನಲಾಗದು. ‘ಚಕೋರಿ’ ಮಹಾಕಾವ್ಯದ ಚಿನ್ನಮುತ್ತನನ್ನೇ ಮುಂದುವರಿಸಿ ಬರೆದ ‘ಶಿಖರಸೂರ್ಯ’ ದೊಡ್ಡ ಹರವಿನ ಕಾದಂಬರಿ. ಶಿವಾಪುರಕ್ಕೆ ಎದುರಾಗಿ ಅಲ್ಲಿ ಕನಕಪುರಿ ನಿಲ್ಲುತ್ತದೆ. ವಿದ್ಯೆ ಅಧಿಕಾರವಾಗಿ ಕೆಡುವ ಬಗೆಯನ್ನು ಅದು ಗಂಭೀರವಾಗಿ ಶೋಧಿಸುತ್ತದೆ. ಆದರೆ ಒಂದು ಊರು ಒಳಿತಿನ ಹೆಸರು, ಇನ್ನೊಂದು ಕೇಡಿನ ಹೆಸರು ಎಂದಾದ ಕೂಡಲೇ ಅಲ್ಲಿ ಬದುಕುವವರು ಆಯಾ ಊರಿನ ವಕೀಲರಾಗುವ ಅಪಾಯವಿದೆ. ಕಾದಂಬರಿಯ ಕೆಲವು ಭಾಗಗಳಲ್ಲಿ ನನಗೆ ಹಾಗೆನಿಸಿದೆ. ಸಿಂಗಾರೆವ್ವನ ಅರಮನೆ ಚಿಕ್ಕದು, ಕನಕಪುರಿ ದೊಡ್ಡದು. ಆದರೂ ಓದುಗ ಹೆಚ್ಚು ಹೊತ್ತು ತಂಗುವುದು ಚಿಕ್ಕದರಲ್ಲಿ.

ಹೊರಗಿನ ಸಾಕ್ಷಿಯೂ ಬೇರೆಯಲ್ಲ. ಟೋಲ್ಕಿನ್ ಅವರ ‘ಲಾರ್ಡ್ ಆಫ್ ದ ರಿಂಗ್ಸ್’ 1954-55ರಲ್ಲಿ ಬಂದಾಗ ಅದರ ಜೊತೆ ನಕಾಶೆ, ಭಾಷೆ, ಲಿಪಿ, ಅನುಬಂಧಗಳಿದ್ದವು. ಅನುಕರಿಸಿದವರು ಎತ್ತಿಕೊಂಡದ್ದು ಇವನ್ನೇ. ಆದರೆ ಆ ಉಂಗುರದ ಗುಣವೇನು? ಅದನ್ನು ಹೊತ್ತವನಲ್ಲಿ ‘ಇದು ನನ್ನದೇ’ ಎಂಬ ಆಸೆ ಬೆಳೆಯುತ್ತದೆ. ಕೊನೆಗೆ ಬೆಂಕಿಯ ಬಾಯಿಗೆ ಬಂದು ನಿಂತ ಫ್ರೋಡೊ ಅದನ್ನು ಎಸೆಯಲಾರ. ಇಷ್ಟು ದೊಡ್ಡ ಲೋಕವೆಲ್ಲ ಒಬ್ಬ ಸಣ್ಣ ಮನುಷ್ಯನ ಬಿಗಿದ ಮುಷ್ಟಿಯೊಳಗೆ ಬಂದು ಕೂತಿದೆ. ಆ ಮುಷ್ಟಿಯನ್ನು ಬಿಟ್ಟು ನಕಾಶೆಯನ್ನು ನಕಲು ಮಾಡಿದರೆ ಏನು ಸಿಕ್ಕೀತು?

ಇದು ಫ್ಯಾಂಟಸಿ ಬರೆಯುವವರಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆಯಲ್ಲ. ಓದುಗನಿಗೆ ಪರಿಚಯವಿಲ್ಲದ ಲೋಕವನ್ನು ಬರೆಯುವ ಎಲ್ಲರಿಗೂ ಇದು ಎದುರಾಗುತ್ತದೆ. ಕನ್ನಡದಲ್ಲಿ ಮುಸ್ಲಿಂ ಬದುಕಿನ ಕಥೆ ಬರೆಯುವವರಿಗಂತೂ ದಿನನಿತ್ಯದ ಪ್ರಶ್ನೆ. ಬೋಳುವಾರು ಮಹಮದ್ ಕುಂಞಿಯವರ ಮುತ್ತುಪ್ಪಾಡಿ, ಸಾರಾ ಅಬೂಬಕ್ಕರ್ ಅವರ ಚಂದ್ರಗಿರಿಯ ತೀರ ಬಂದ ಕಾಲಕ್ಕೆ ಬಹುಪಾಲು ಕನ್ನಡ ಓದುಗರಿಗೆ ಅವು ಮಾಯಾಲೋಕಗಳಷ್ಟೇ ದೂರದವು. 1981ರಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ಬಗ್ಗೆ ನಡೆದ ಚರ್ಚೆಯ ಬಹುಭಾಗ ಧರ್ಮ, ಕಾನೂನುಗಳ ಸುತ್ತಲೇ ಇತ್ತು. ಕಸುಬಿನ ದೃಷ್ಟಿಯಿಂದ ನೋಡಿದರೆ ಅಲ್ಲಿ ಇನ್ನೊಂದು ಸಂಗತಿಯಿದೆ. ತಲಾಖ್ ಎಂದರೇನು, ಮರಳಿ ಮೊದಲ ಗಂಡನನ್ನು ಸೇರಲು ಆ ಸಮಾಜ ಒಡ್ಡುವ ಷರತ್ತೇನು ಎಂಬುದು ಓದುಗನಿಗೆ ನಾದಿರಾಳ ಕಣ್ಣೀರಿನ ಜೊತೆಜೊತೆಗೇ ತಿಳಿಯುತ್ತದೆ. ತಂದೆಯ ಹಟ, ಗಂಡನ ಮನೆಯ ಬಾಗಿಲು, ಕೊನೆಗೆ ಮಸೀದಿಯ ಕೊಳ. ಯಾವುದೂ ಮಾಹಿತಿಯಾಗಿ ಬರುವುದಿಲ್ಲ.

ಇದರ ಎದುರಿಗೆ ಇತ್ತೀಚೆಗೆ ಕಾಣುವ ಕೆಲವು ಕಥೆಗಳನ್ನಿಡಿ. ಅಲ್ಲಿ ಬುರ್ಖಾ ಇದೆ, ಬಿರಿಯಾನಿ ಇದೆ, ಅತ್ತರಿನ ವಾಸನೆಯಿದೆ, ಆಜಾನಿನ ಕರೆಯಿದೆ, ಸಾಲು ಸಾಲು ಉರ್ದು ಶಬ್ದಗಳಿಗೆ ಅಡಿಟಿಪ್ಪಣಿಯೂ ಇದೆ. ಇಲ್ಲದ್ದು ಆ ಬುರ್ಖಾದೊಳಗಿನ ಹೆಣ್ಣುಮಗಳು. ಅವಳಿಗೆ ಯಾವ ಬಾಕಿ ತೀರಿಸಬೇಕಿದೆ, ಯಾರ ಮೇಲೆ ಮುನಿಸಿದೆ, ರಾತ್ರಿ ಯಾಕೆ ನಿದ್ದೆ ಬರುವುದಿಲ್ಲ ಎಂಬುದು ತಿಳಿಯುವುದಿಲ್ಲ. ಏಳು ರಾಜ್ಯಗಳ ನಕಾಶೆ ಬರೆದು ಮನುಷ್ಯನನ್ನು ಮರೆತ ಹುಡುಗ ಮಾಡುವುದೂ ಇದನ್ನೇ. ಆದರೆ ಅವನ ತಪ್ಪಿನಿಂದ ಒಂದು ಕಾದಂಬರಿ ಕೆಡುತ್ತದೆ. ಇವರ ತಪ್ಪಿನಿಂದ ಪಕ್ಕದ ಮನೆಯವರು ನೋಡುವ ವಸ್ತುಗಳಾಗುತ್ತಾರೆ, ಮಾತಾಡಿಸುವ ಮನುಷ್ಯರಾಗುವುದಿಲ್ಲ. ಲೋಕದ ವಿವರ ಎಷ್ಟೇ ನಿಖರವಾಗಿದ್ದರೂ ಅದರೊಳಗೆ ಮನುಷ್ಯನಿಲ್ಲದಿದ್ದರೆ ಅದು ಅನ್ಯಾಯವಾಗಬಲ್ಲದು.

ನಮ್ಮ ಕಡೆಯ ರಿವಾಯತ್ ಪದಗಳು ಈ ವಿಷಯದಲ್ಲಿ ದೊಡ್ಡ ಪಾಠ. ಕರ್ಬಲಾ ಕಲ್ಪನೆಯಲ್ಲ, ಇತಿಹಾಸ. ಆದರೆ ಅದು ನಡೆದ ನೆಲ ಇಲ್ಲಿನವರಿಗೆ ಎಷ್ಟು ದೂರ! ಮೊಹರಂ ದಿನಗಳಲ್ಲಿ ಹಿಂದೂ ಮುಸ್ಲಿಮರಿಬ್ಬರೂ ಕನ್ನಡದಲ್ಲಿ ಹಾಡಿಕೊಂಡು ಬಂದ ಆ ಪದಗಳನ್ನು ಕೇಳುವವರಿಗೆ ಇರಾಕಿನ ಭೂಗೋಳ ಬೇಕಾಗಿಲ್ಲ. ನೀರು ತರಲು ಹೋದ ಅಬ್ಬಾಸರು, ಬಾಯಾರಿದ ಕೂಸು, ಕಾಯುತ್ತಿರುವ ತಾಯಿ ಇದ್ದರೆ ಸಾಕು. ಬರಗಾಲ ಕಂಡ ಜನಕ್ಕೆ ಬಾಯಾರಿಕೆಯನ್ನು ವಿವರಿಸಬೇಕೆ? ಬಾಯಾರಿಕೆಯ ಬೆನ್ನು ಹತ್ತಿ ಯೂಫ್ರೆಟಿಸ್ ತಾನಾಗಿಯೇ ಬರುತ್ತದೆ.

ಹೊಸಬರಿಗೆ ಹೇಳುವುದಿಷ್ಟೇ. ಲೋಕ ಕಟ್ಟಬೇಡಿ ಎಂದಲ್ಲ, ಧಾರಾಳವಾಗಿ ಕಟ್ಟಿರಿ. ಆದರೆ ನಿಮ್ಮ ರಾಜಧಾನಿಯಲ್ಲಿ ಚಪ್ಪಲಿ ಹೊಲಿಯುವವರು ಯಾರೆಂದು ಮೊದಲು ಕೇಳಿಕೊಳ್ಳಿ. ಅಥಣಿಯವನಾದ ನನಗೆ ಈ ಪ್ರಶ್ನೆ ಸಹಜವಾಗಿ ಬರುತ್ತದೆ. ಬೆಳಗಾವಿ ಜಿಲ್ಲೆಯನ್ನೂ ಒಳಗೊಂಡು ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅದರ ಹಿಂದೆ ಚರ್ಮ ಹದ ಮಾಡುವ, ಹೆಣೆಯುವ, ಹೊಲಿಯುವ ಎಷ್ಟು ಕೈಗಳಿವೆ! ಹಸ್ತಪ್ರತಿಗಳ ರಾಜ್ಯಗಳಲ್ಲಿ ಮಾಂತ್ರಿಕರು ಸಾಲುಗಟ್ಟಿದ್ದಾರೆ, ದುಡಿಯುವವರು ಕಾಣುವುದಿಲ್ಲ. ಸತ್ತ ಪ್ರಾಣಿಯನ್ನು ಎಬ್ಬಿಸಬಲ್ಲ ಮಂತ್ರವಿರುವ ಊರಿನಲ್ಲಿ ಚರ್ಮದ ಕಸುಬಿನವನ ಗತಿಯೇನು? ಅವನು ಆ ಮಂತ್ರವನ್ನು ಶಪಿಸುತ್ತಾನೋ, ಕದಿಯುತ್ತಾನೋ? ಈ ಒಂದು ಪ್ರಶ್ನೆಯಿಂದ ಊರೂ ಹುಟ್ಟುತ್ತದೆ, ಅವನೂ ಹುಟ್ಟುತ್ತಾನೆ. ಉಳಿದ ರಾಜ್ಯಗಳ ಹೆಸರನ್ನು ಆಮೇಲೆ ಇಟ್ಟರಾಯಿತು.